ನಾಯಿಮರಿಗೆ ಶೌಚಶಿಕ್ಷಣ

ಮನೆಗೆ ನಾಯಿಮರಿಯೊಂದು ಬಂದ ದಿನವು ಎಲ್ಲರಿಗೂ ಹಬ್ಬದಂತಿರುವುದು. ಮಕ್ಕಳು ಅದಕ್ಕೆ ಹೆಸರಿಡುವ ಚರ್ಚೆಯಲ್ಲಿ ಪಾಠವನ್ನು ಮರೆಯುವರು. ಮನೆಯೊಡೆಯರು ಕಚೇರಿಯಿಂದ ಹೊತ್ತಿಗೆ ಮುಂಚೆಯೇ ಬರುವರು. ‘ಈ ಗೊಡವೆ ನಮಗೇಕೆ’ ಎಂದಿದ್ದ ಗೃಹಿಣಿಯೇ ಅದರ ತಟ್ಟೆಗೆ ಮೊದಲು ಹಾಲೆರೆಯುವಳು. ಈ ಸಂಭ್ರಮದ ಆಯುಸ್ಸು ಸಾಮಾನ್ಯವಾಗಿ ಮೂರು ದಿನ. ನಾಲ್ಕನೆಯ ದಿನ ನಡುಮನೆಯ ಜಮಖಾನೆ ಒದ್ದೆಯಾಗಿರುವುದು. ಐದನೆಯ ದಿನ ದೇವರ ಮನೆಯ ಹೊಸ್ತಿಲ ಬಳಿ ಅಮಂಗಳವೊಂದು ಕಾಣಿಸಿಕೊಳ್ಳುವುದು. ಹತ್ತನೆಯ ದಿನಕ್ಕೆ ‘ಇದು ಕಲಿಯುವ ಜಾತಿಯದಲ್ಲ’ ಎಂಬ ತೀರ್ಪು ಹೊರಬೀಳುವುದು. ತಿಂಗಳು ತುಂಬುವ ಮೊದಲೇ ಅಂಥ ಮರಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಸಂತೆಯ ಮೈದಾನದಲ್ಲಿಯೋ ಛತ್ರದ ಹಿಂದೆಯೋ ಬಿಟ್ಟುಬಂದವರನ್ನು ನಾವು ಬಲ್ಲೆವು.

ಹೀಗೆ ಬಿಟ್ಟುಬರುವುದು ನಿರ್ದಯೆ ಮಾತ್ರವಲ್ಲ, ಅಪರಾಧವೂ ಅಹುದು. ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆದುಬಿಡುವುದನ್ನು 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯು ಕ್ರೌರ್ಯಗಳ ಪಟ್ಟಿಯಲ್ಲಿ ಸೇರಿಸಿದೆ. 1976ರಲ್ಲಿ ಆದ ತಿದ್ದುಪಡಿಯಿಂದ ಜೀವದಯೆಯು ನಮ್ಮ ಸಂವಿಧಾನದಲ್ಲಿ ಪೌರನ ಮೂಲಭೂತ ಕರ್ತವ್ಯಗಳಲ್ಲಿ ಒಂದಾಗಿರುವುದು. ಆದರೆ ಕಾಯಿದೆಗೆ ಅಂಜಿ ಮರಿಯನ್ನು ಇಟ್ಟುಕೊಂಡು, ದಿನವೂ ಬೈಯುತ್ತ ಬಡಿಯುತ್ತ ಕಾಲ ಕಳೆಯುವುದೂ ಗೃಹಸ್ಥನಿಗೆ ಒಪ್ಪುವ ನಡತೆಯಲ್ಲ. ಆದ್ದರಿಂದ ಈ ತಿಂಗಳು ಈ ವಿಷಯವನ್ನೇ ಎತ್ತಿಕೊಂಡಿರುವೆವು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು: ಮರಿಯು ಮನೆಯೊಳಗೆ ಹೊಲಸು ಮಾಡುವುದು ದುರ್ಗುಣದಿಂದಲ್ಲ, ತಕ್ಕ ಹೊತ್ತಿಗೆ ಅದನ್ನು ತಕ್ಕ ಜಾಗಕ್ಕೆ ಕರೆದೊಯ್ಯುವವರು ಇಲ್ಲದಿರುವುದರಿಂದ. ಈ ಶಿಕ್ಷಣದಲ್ಲಿ ಮರಿಯ ಪಾಲು ನಾಲ್ಕಾಣೆ, ಮನೆಯವರ ಪಾಲು ಹನ್ನೆರಡಾಣೆ.

ಮೊದಲು ಮರಿಯ ಪ್ರಕೃತಿಯನ್ನು ನೋಡೋಣ. ಹುಟ್ಟಿದ ಹೊಸದರಲ್ಲಿ ಅದಕ್ಕೆ ತಾನಾಗಿ ಮಲಮೂತ್ರಗಳನ್ನು ವಿಸರ್ಜಿಸುವ ಶಕ್ತಿಯೂ ಇರದು. ತಾಯಿಯು ನೆಕ್ಕಿದಾಗಲೇ ಆ ಕ್ರಿಯೆ ನಡೆಯುವುದು. ಅದನ್ನು ಶುಚಿಮಾಡುವವಳೂ ತಾಯಿಯೇ. ಸುಮಾರು ಮೂರು ವಾರ ತುಂಬಿ ಕಾಲು ಗಟ್ಟಿಯಾಗುತ್ತಲೇ ಮರಿಗಳು ತಾವು ಮಲಗುವ ತಾಣವನ್ನು ಬಿಟ್ಟು, ತತ್ತರಿಸುತ್ತಲಾದರೂ ಅತ್ತ ಸರಿದು, ತಮ್ಮ ಬಾಧೆಯನ್ನು ತೀರಿಸಿಕೊಳ್ಳುವುವು. ಇದನ್ನು ಅವಕ್ಕೆ ಯಾರೂ ಬೋಧಿಸಿರುವುದಿಲ್ಲ. ಮಲಗುವ ಜಾಗವು ಶುಚಿಯಾಗಿರಬೇಕೆಂಬ ಬುದ್ಧಿಯು ನಾಯಿಗೆ ಹುಟ್ಟಿನಿಂದಲೇ ಬಂದದ್ದು. ಕೊರತೆ ಇರುವುದಿಷ್ಟೇ: ನಮ್ಮ ಮನೆ ಪೂರ್ತಿಯಾಗಿ ಅದರ ಮಲಗುವ ಜಾಗವೆಂಬುದು ಅದಕ್ಕೆ ತಿಳಿಯದು. ಗೋಣಿಯ ಮೇಲೆ ಮಲಗಿದ ಮರಿಯು ಎದ್ದು ಎಂಟು ಮಾರು ನಡೆದು ದಿವಾನಖಾನೆಗೆ ಬಂದು ಕುಳಿತರೆ, ತನ್ನ ಲೆಕ್ಕದಲ್ಲಿ ಅದು ಊರ ಹೊರಗೆ ಬಂದಂತೆಯೇ. ಅದು ಮರ್ಯಾದೆಯನ್ನು ಮೀರಲಿಲ್ಲ, ತನ್ನ ಮರ್ಯಾದೆಯನ್ನು ಪಾಲಿಸಿತು.

ಎಂಟು ಒಂಬತ್ತು ವಾರಗಳ ವಯಸ್ಸಿನಲ್ಲಿ ಮರಿಗೆ ಇಂಥದೇ ಜಾಗ, ಇಂಥದೇ ನೆಲ ಎಂಬ ಅಭ್ಯಾಸವು ಕೂಡಿಬರತೊಡಗುವುದು. ಪಾದದ ಕೆಳಗೆ ಮಣ್ಣೋ ಹುಲ್ಲೋ ಸಿಕ್ಕರೆ ಅದೇ ಅಭ್ಯಾಸ; ಜಮಖಾನೆ ಸಿಕ್ಕರೆ ಜಮಖಾನೆಯೇ ಅಭ್ಯಾಸ. ನಮ್ಮ ಮನೆಗಳಿಗೆ ಮರಿಗಳು ಬರುವುದೂ ಹೆಚ್ಚಾಗಿ ಈ ವಯಸ್ಸಿನಲ್ಲಿಯೇ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು ಬಹುಕಾಲ ನಾಯಿಗಳನ್ನು ಪರೀಕ್ಷಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲವೇ ನಾಯಿಯ ಮುಂದಿನ ಸಹವಾಸಕ್ಕೆಲ್ಲ ತಳಹದಿಯೆಂದು ತೋರಿಸಿರುವರು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ನಮ್ಮ ಗಾದೆಯೂ ಇದನ್ನೇ ಹೇಳುವುದು. ಮರಿಯು ಮುಧೋಳದ ಬೇಟೆಯ ತಳಿಯದಾಗಿರಲಿ, ಬೀದಿಯ ಚರಂಡಿಯ ಪಕ್ಕದಿಂದ ಮಕ್ಕಳು ಎತ್ತಿತಂದದ್ದಾಗಿರಲಿ, ಈ ನಿಯಮದಲ್ಲಿ ಭೇದವಿಲ್ಲ. ಮುಧೋಳದ ನಾಯಿಯ ಚಿತ್ರವು 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದಿತೆಂದು ಅದರ ಮರಿಯು ಕಲಿತೇ ಹುಟ್ಟುವುದಿಲ್ಲ.

ಇನ್ನು ಮರಿಯ ಶಕ್ತಿ. ಎರಡು ತಿಂಗಳ ಮರಿಯು ಎಚ್ಚತ್ತಿರುವಾಗ ಜಲಬಾಧೆಯನ್ನು ಎರಡು ಗಂಟೆಯ ಹೊತ್ತು ತಡೆದರೆ ಅದೇ ಹೆಚ್ಚು. ಮೂರು ತಿಂಗಳದು ಮೂರು ಗಂಟೆ. ಆಟದ ಭರದಲ್ಲಿದ್ದರೆ ಅರ್ಧ ಗಂಟೆಯೂ ಇಲ್ಲ. ಇದು ಹಟವಲ್ಲ, ತಡೆಯುವ ಮಾಂಸಖಂಡಗಳು ಇನ್ನೂ ಬಲಿತಿರುವುದಿಲ್ಲ. ತೊಟ್ಟಿಲ ಕೂಸಿನ ಬಟ್ಟೆ ಒದ್ದೆಯಾದರೆ ಅದನ್ನು ಗದರಿಸುವ ತಾಯಿ ಉಂಟೇ? ಇಲ್ಲಿಯೂ ಅದೇ ನ್ಯಾಯ.

ಹಾಗಾದರೆ ಯಾವ ಯಾವ ಹೊತ್ತಿಗೆ ಹೊರಗೆ ಕರೆದೊಯ್ಯಬೇಕು? ಐದು ಸಮಯಗಳನ್ನು ನೆನಪಿಟ್ಟುಕೊಂಡರೆ ಸಾಕು: ನಿದ್ದೆಯಿಂದ ಎದ್ದೊಡನೆ, ಊಟವಾದ ಮೇಲೆ, ಆಟ ಮುಗಿದಾಗ, ಅತಿಥಿಗಳು ಬಂದು ಮರಿಯು ಸಡಗರಗೊಂಡಾಗ, ರಾತ್ರಿ ಮಲಗುವ ಮುನ್ನ. ಇವುಗಳ ನಡುವೆಯೂ ಎರಡು ಗಂಟೆಗೊಮ್ಮೆ. ಊಟದ ವಿಷಯವನ್ನು ವಿಶೇಷವಾಗಿ ಲಕ್ಷಿಸಬೇಕು. ಹೊಟ್ಟೆಗೆ ಆಹಾರ ಬೀಳುತ್ತಲೇ ದೊಡ್ಡ ಕರುಳು ಚಲಿಸತೊಡಗುವುದು. ಐದು ನಿಮಿಷದಿಂದ ಅರ್ಧ ಗಂಟೆಯೊಳಗೆ ಮರಿಗೆ ಬಹಿರ್ದೆಶೆಯ ಅವಸರವಾಗುವುದು. ಊಟದ ಹೊತ್ತು ನಿಯತವಾದರೆ ಇದೂ ನಿಯತವಾಗುವುದು. ದಿನವೆಲ್ಲ ತಟ್ಟೆಯನ್ನು ತುಂಬಿಟ್ಟರೆ ಇದಕ್ಕೂ ಹೊತ್ತುಗೊತ್ತು ಇರದು. ಈ ವಯಸ್ಸಿಗೆ ದಿನಕ್ಕೆ ಮೂರು ನಾಲ್ಕು ಊಟ ಬೇಕು. ಒಂದೊಂದು ಊಟಕ್ಕೂ ಕಾಲು ಗಂಟೆ ಕಾದು, ಉಳಿದುದನ್ನು ಎತ್ತಿಬಿಡಬೇಕು. ಆದರೆ ನೀರನ್ನು ಮಾತ್ರ ಹಗಲಿನಲ್ಲಿ ತಡೆಯಕೂಡದು. ರಾತ್ರಿ ಒಂದೆರಡು ಸಲ ಏಳಲೇಬೇಕಾಗುವುದು. ಆಗ ಮಾತು ಬೇಡ, ಆಟ ಬೇಡ. ಹೊರಗೆ ಒಯ್ದು, ಕೆಲಸವಾದೊಡನೆ ತಂದು ಮಲಗಿಸತಕ್ಕದ್ದು.

ರಾತ್ರಿ ಏಳುವವರು ಯಾರು? ಮರಿ ಬೇಕೆಂದು ಅತ್ತವರು ಮಕ್ಕಳು, ತಂದುಕೊಟ್ಟವರು ತಂದೆ, ಏಳುವವಳು ತಾಯಿ! ಬಹುಪಾಲು ಮನೆಗಳ ಪದ್ಧತಿ ಹೀಗಿರುವುದು. ದಿನವೆಲ್ಲ ದುಡಿದ ಗೃಹಿಣಿಯ ಮೇಲೆ ಇದನ್ನೂ ಹೊರಿಸಿದರೆ, ಹತ್ತನೆಯ ದಿನದ ಆ ತೀರ್ಪನ್ನು ಅವಳೇ ಕೊಟ್ಟಳೆಂದು ಅವಳನ್ನು ದೂರುವುದು ಅನ್ಯಾಯ. ಮರಿಯನ್ನು ತರುವ ಹಿಂದಿನ ದಿನವೇ ಹೊತ್ತುಗಳನ್ನೂ ಹೆಸರುಗಳನ್ನೂ ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿಬಿಡಬೇಕು. ಬೆಳಗಿನ ಐದೂವರೆ ತಂದೆಯದು, ಶಾಲೆಗೆ ಹೋಗುವ ಮುನ್ನ ಮಗನದು, ಮಧ್ಯಾಹ್ನ ಅಜ್ಜನದು, ನಡುರಾತ್ರಿ ಸರದಿಯದು. ಹಂಚಿಕೊಳ್ಳುವವರಿಲ್ಲದ ಮನೆಗೆ, ಬೆಳಗಿನಿಂದ ಸಂಜೆಯವರೆಗೆ ಬೀಗ ಹಾಕಿರುವ ಮನೆಗೆ, ಎರಡು ತಿಂಗಳ ಮರಿಯನ್ನು ತರದಿರುವುದೇ ದಯೆ.

ಜಾಗವು ಒಂದೇ ಆಗಿರಲಿ. ಹಿತ್ತಿಲಿದ್ದರೆ ಅದರ ಒಂದು ಮೂಲೆ. ಪ್ರತಿ ಸಲವೂ ಅದೇ ಬಾಗಿಲಿನಿಂದ ಅಲ್ಲಿಗೇ ಒಯ್ಯಬೇಕು. ಹಿಂದಿನ ಸಲದ ವಾಸನೆಯೇ ಮರಿಗೆ ಗುರುತುಹಲಗೆ. ಮಾತೂ ಒಂದೇ ಆಗಿರಲಿ. ಅಜ್ಜಿಯು ‘ಹೊರಗೆ’ ಎಂದು, ಮಗನು ಇಂಗ್ಲಿಷಿನಲ್ಲಿ, ಮೊಮ್ಮಗಳು ಎರಡನ್ನೂ ಬೆರೆಸಿ ಹೇಳಿದರೆ, ಮರಿಯೇನು ಬಹುಭಾಷಾ ಪಂಡಿತನೇ? ಮರಿಯು ಕುಳಿತು ಕೆಲಸವನ್ನು ಪೂರೈಸುವವರೆಗೆ ಸುಮ್ಮನಿದ್ದು, ಪೂರೈಸಿದ ಕ್ಷಣದಲ್ಲಿಯೇ, ಆ ಜಾಗದಲ್ಲಿಯೇ, ‘ಭೇಷ್’ ಎಂದು ಕಡಲೆಕಾಳಿನಷ್ಟು ತಿಂಡಿಯನ್ನು ಬಾಯಿಗಿಡಬೇಕು. ಬೇಯಿಸಿದ ಮೊಟ್ಟೆಯ ಚೂರೋ ಪನೀರಿನ ಚೂರೋ ಆಗಬಹುದು. ಒಣದ್ರಾಕ್ಷಿ, ಚಾಕೊಲೇಟುಗಳು ನಾಯಿಗೆ ವಿಷವೆಂಬುದನ್ನು ಮಕ್ಕಳಿಗೆ ತಿಳಿಸಿರಬೇಕು. ಮನೆಯೊಳಕ್ಕೆ ಬಂದಮೇಲೆ ಕೊಟ್ಟ ಬಹುಮಾನವು ಮನೆಯೊಳಕ್ಕೆ ಬಂದುದಕ್ಕೆ ಸಂದ ಬಹುಮಾನವಾಗುವುದು. ಹೊರಗಿನ ಕೆಲಸ ಮುಗಿದೊಡನೆ ಒಳಕ್ಕೆಳೆದು ತರುವುದೂ ಸರಿಯಲ್ಲ. ಕೆಲಸ ಮುಗಿಸಿದರೆ ಆಟ ಮುಗಿಯುವುದೆಂದು ಕಲಿತ ಮರಿಯು ಕೆಲಸವನ್ನೇ ತಡಮಾಡುವುದು. ಐದು ನಿಮಿಷ ಅಲ್ಲಿಯೇ ಆಡಿಸಬೇಕು.

ಪಾಣಿನಿಯು ಶ್ವನ್, ಯುವನ್, ಮಘವನ್ ಎಂಬ ಮೂರು ಶಬ್ದಗಳನ್ನು ಒಂದೇ ಸೂತ್ರದಲ್ಲಿ ಸೇರಿಸಿರುವನು. ನಾಯಿ, ಯುವಕ, ದೇವೇಂದ್ರ ಈ ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದನೆಂದು ಪಂಡಿತರು ನಗುವುದುಂಟು. ವ್ಯಾಕರಣದ ಮಾತು ಹೇಗೂ ಇರಲಿ, ಬಹುಮಾನದ ವಿಷಯದಲ್ಲಿಯೂ ಈ ಮೂವರಿಗೆ ಒಂದೇ ಸೂತ್ರವೆಂಬುದು, ಮೂರು ದಶಕ ಬೆಂಚಿನ ಮುಂದೆ ನಿಂತ ನಮಗೆ ಚೆನ್ನಾಗಿ ತಿಳಿದಿರುವುದು. ಸರಿಯಾದುದನ್ನು ಮಾಡಿದಾಗ ಕಂಡು ಹೇಳುವವರಿದ್ದರೆ ಮೂವರೂ ಅದನ್ನೇ ಮತ್ತೆ ಮಾಡುವರು.

ಇನ್ನು ಶಿಕ್ಷೆಯ ವಿಷಯ. ಒದ್ದೆಯಾದ ನೆಲಕ್ಕೆ ಮರಿಯ ಮೂಗನ್ನು ತಿಕ್ಕುವುದು, ಸುತ್ತಿದ ಪತ್ರಿಕೆಯಿಂದ ಬಡಿಯುವುದು, ಇವು ಇಂದಿಗೂ ಅನೇಕ ಮನೆಗಳಲ್ಲಿ ನಡೆದುಬರುತ್ತಿರುವ ಪದ್ಧತಿಗಳು. ಇವುಗಳಿಂದ ಮರಿಯು ಕಲಿಯುವುದೇನು? ಮಾಡಿದ ಕ್ರಿಯೆಗೂ ಬಂದ ಫಲಕ್ಕೂ ನಡುವೆ ಕೆಲವು ಕ್ಷಣಗಳು ಕಳೆದರೂ ಅವೆರಡರ ಸಂಬಂಧ ಅದಕ್ಕೆ ತಿಳಿಯದು. ಅರ್ಧ ಗಂಟೆಯ ಹಿಂದಿನ ಮೂತ್ರಕ್ಕೆ ಈಗ ಬಿದ್ದ ಏಟು, ಅದರ ಪಾಲಿಗೆ, ಕರೆದಾಗ ಓಡಿಬಂದುದಕ್ಕೆ ಬಿದ್ದ ಏಟು. ಕುಳಿತಿರುವಾಗಲೇ ಹಿಡಿದು ಹೊಡೆದರೋ, ಮನುಷ್ಯರ ಕಣ್ಣೆದುರಿಗೆ ಕುಳಿತುಕೊಳ್ಳುವುದು ಅಪಾಯವೆಂದು ಕಲಿತು, ಮಂಚದ ಕೆಳಗೆ, ಬೀರುವಿನ ಹಿಂದೆ ಹೋಗುವುದು. ಹೊರಗೆ ಕರೆದೊಯ್ದಾಗ ನಾವು ಪಕ್ಕದಲ್ಲಿರುವೆವೆಂಬ ಭಯದಿಂದಲೇ ತಡೆದುಕೊಂಡು, ಒಳಗೆ ಬಂದು ಮರೆಯನ್ನು ಹುಡುಕುವುದು. ‘ನೋಡಿ, ಹೊರಗೆ ಅರ್ಧ ಗಂಟೆ ನಿಂತರೂ ಮಾಡದೆ ಒಳಗೆ ಬಂದು ಮಾಡುವ ಕಪಟಿ’ ಎಂದು ದೂರುವವರು ಈ ಕಪಟದ ಗುರುಗಳು ಯಾರೆಂಬುದನ್ನು ಯೋಚಿಸಬೇಕು.

‘ಅದಕ್ಕೆ ತನ್ನ ತಪ್ಪು ತಿಳಿದಿದೆ, ಮುಖವನ್ನು ನೋಡಿದರೇ ಗೊತ್ತಾಗುವುದು’ ಎಂದು ಕೆಲವರು ವಾದಿಸುವರು. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿದುಷಿಯು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯು ಈ ವಾದಕ್ಕೆ ಉತ್ತರವಾಗಿರುವುದು. ಹದಿನಾಲ್ಕು ನಾಯಿಗಳ ಮುಂದೆ ತಿಂಡಿಯನ್ನಿಟ್ಟು, ತಿನ್ನಬಾರದೆಂದು ಒಡೆಯರು ಆಜ್ಞಾಪಿಸಿ ಹೊರಗೆ ಹೋದರು. ಹಿಂದಿರುಗಿದಾಗ ನಾಯಿಯು ತಿಂದಿತೋ ಇಲ್ಲವೋ ಎಂಬುದನ್ನು ಅವರಿಗೆ ಕೆಲವು ಸಲ ಸರಿಯಾಗಿಯೂ ಕೆಲವು ಸಲ ತಪ್ಪಾಗಿಯೂ ತಿಳಿಸಲಾಯಿತು. ತಗ್ಗಿದ ತಲೆ, ಮುದುರಿದ ಬಾಲ ಮೊದಲಾದ ಅಪರಾಧಿಯ ಚಿಹ್ನೆಗಳು ಕಂಡುಬಂದದ್ದು ಗದರಿಕೆಗೆ ತಕ್ಕಂತೆಯೇ ಹೊರತು ತಪ್ಪಿಗೆ ತಕ್ಕಂತೆ ಅಲ್ಲ. ತಪ್ಪಿಲ್ಲದೆ ಗದರಿಸಿಕೊಂಡ ನಾಯಿಗಳಲ್ಲಿಯೇ ಅವು ಹೆಚ್ಚಾಗಿ ಕಂಡವು. ನಾವು ಪಶ್ಚಾತ್ತಾಪವೆಂದು ಓದಿದ್ದು ಬರಿಯ ಭಯ.

ಈ ಮಾತು ನಮ್ಮವರಿಗೆ ಹೊಸದಲ್ಲ. ಮಹಾಭಾರತದ ಆದಿಪರ್ವದ ಮೊದಲಿನಲ್ಲಿಯೇ ಸರಮೆಯ ಕಥೆ ಬರುವುದು. ಕುರುಕ್ಷೇತ್ರದಲ್ಲಿ ಜನಮೇಜಯನು ಸತ್ರಯಾಗವನ್ನು ಮಾಡುತ್ತಿರಲು ನಾಯಿಯೊಂದು ಅಲ್ಲಿಗೆ ಬಂದಿತು. ಅವನ ತಮ್ಮಂದಿರು ಅದನ್ನು ಹೊಡೆದಟ್ಟಿದರು. ಅದು ಅಳುತ್ತ ಹೋಗಿ, ತಾನು ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲವೆಂದು ತಾಯಿಯಾದ ಸರಮೆಗೆ ಹೇಳಿಕೊಂಡಿತು. ದೇವತೆಗಳ ನಾಯಿಯಾದ ಸರಮೆಯು ಯಾಗಶಾಲೆಗೆ ಬಂದು, ನಿರಪರಾಧಿಯಾದ ಮಗನನ್ನು ಏಕೆ ಹೊಡೆದಿರೆಂದು ಕೇಳಲು, ಚಕ್ರವರ್ತಿಯ ಮನೆಯವರಲ್ಲಿ ಉತ್ತರವಿರಲಿಲ್ಲ. ಕಾಣದ ಕಡೆಯಿಂದ ಭಯವು ನಿಮಗೆ ಬರಲೆಂದು ಅವಳು ಶಪಿಸಿದಳು. ಅಷ್ಟು ದೊಡ್ಡ ಗ್ರಂಥದ ಬಾಗಿಲಲ್ಲಿ ವ್ಯಾಸಮಹರ್ಷಿಯು ಏಟು ತಿಂದ ನಾಯಿಮರಿಯೊಂದನ್ನು ನಿಲ್ಲಿಸಿರುವನು. ಕೋಲನ್ನು ಎತ್ತುವ ಮುನ್ನ ಗೃಹಸ್ಥರು ಇದನ್ನು ನೆನೆಯುವುದು ಒಳ್ಳೆಯದು.

ಶಿಕ್ಷೆ ಇಲ್ಲವಾದರೆ ತಪ್ಪನ್ನು ತಡೆಯುವುದು ಹೇಗೆ? ತಪ್ಪಿಗೆ ಅವಕಾಶವನ್ನೇ ಕೊಡದಿರುವುದು. ಮರಿಯು ಕಣ್ಣೆದುರಿಗಿರಬೇಕು, ಇಲ್ಲವೇ ತನ್ನ ಗೂಡಿನಲ್ಲಿರಬೇಕು. ಕೆಲಸ ಮಾಡುತ್ತಿರುವಾಗ ತೆಳುವಾದ ಹಗ್ಗದಿಂದ ಅದನ್ನು ನಮ್ಮ ಸೊಂಟಕ್ಕೋ ಕುರ್ಚಿಯ ಕಾಲಿಗೋ ಕಟ್ಟಿಕೊಂಡರೆ ಮರೆಗೆ ಹೋಗಲಾರದು. ನೆಲವನ್ನು ಮೂಸುತ್ತ ಸುತ್ತುವುದು, ಆಟವನ್ನು ಥಟ್ಟನೆ ಬಿಟ್ಟು ಅತ್ತ ನಡೆಯುವುದು, ಬಾಗಿಲ ಕಡೆ ನೋಡುವುದು, ಇವು ಅವಸರದ ಸೂಚನೆಗಳು. ಕಂಡೊಡನೆ ಎತ್ತಿಕೊಂಡು ಹೊರಗೆ ನಡೆಯಬೇಕು. ಕುಳಿತುಬಿಟ್ಟಿದ್ದರೂ ಗದರದೆ ಎತ್ತಿಕೊಂಡು ಹೋಗಿ, ಉಳಿದುದನ್ನು ಹೊರಗೆ ಪೂರೈಸಿದರೆ ‘ಭೇಷ್’ ಎನ್ನಬೇಕು. ಗೂಡು ಎಂದರೆ, ಮರಿಯು ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಮಾತ್ರದ ಪೆಟ್ಟಿಗೆ ಅಥವಾ ಅಡ್ಡಹಲಗೆಯಿಟ್ಟ ಮೂಲೆ. ಮಲಗುವ ಜಾಗವನ್ನು ಕೆಡಿಸಬಾರದೆಂಬ ಅದರ ಹುಟ್ಟುಬುದ್ಧಿಯೇ ಇಲ್ಲಿ ನಮಗೆ ಸಹಾಯ. ಗೂಡು ಅತಿ ದೊಡ್ಡದಾದರೆ ಒಂದು ಮೂಲೆ ಮಲಗಲು, ಇನ್ನೊಂದು ಮೂಲೆ ಬಹಿರ್ದೆಶೆಗೆ ಎಂದಾಗುವುದು. ಆದರೆ ಮರಿಯ ಶಕ್ತಿಯನ್ನು ಮೀರಿದ ಹೊತ್ತು ಅದನ್ನು ಅಲ್ಲಿ ಕೂಡಿಹಾಕುವುದು ಹಿಂಸೆ. ದಿನವೆಲ್ಲ ಸರಪಣಿಯಲ್ಲಿ ಬಿಗಿದಿಡುವುದನ್ನು ಮೇಲೆ ಹೇಳಿದ ಕಾಯಿದೆಯೂ ನಿಷೇಧಿಸುವುದು.

ಕೆಟ್ಟ ಜಾಗವನ್ನು ಶುಚಿಮಾಡುವುದರಲ್ಲಿಯೂ ಒಂದು ಕ್ರಮವುಂಟು. ನಮ್ಮ ಮೂಗಿಗೆ ಹೋದ ವಾಸನೆಯು ಮರಿಯ ಮೂಗಿಗೆ ಹೋಗಿರದು; ಅಲ್ಲಿಯೇ ಮತ್ತೆ ಕುಳಿತುಕೊಳ್ಳುವುದು. ಅಮೋನಿಯಾ ಬೆರೆತ ದ್ರವಗಳ ಘಾಟು ಮೂತ್ರದ ವಾಸನೆಯನ್ನೇ ಹೋಲುವುದರಿಂದ ಅವು ಬೇಡ. ಘಾಟಾದ ಫಿನಾಯಿಲಿನಿಂದ ಒರೆಸಿದ ನೆಲವನ್ನು ಮರಿಯು ನೆಕ್ಕಿದರೆ ಅಪಾಯ. ಮೊದಲು ಒಣಬಟ್ಟೆಯಿಂದ ಹೀರಿಸಿ, ಸಾಬೂನು ನೀರಿನಿಂದ ತೊಳೆದು, ಕಿಣ್ವಗಳುಳ್ಳ ಶುದ್ಧಿದ್ರವವು ದೊರೆತರೆ ಅದನ್ನು ಹಚ್ಚುವುದು ಉತ್ತಮ. ಮೊದಲ ಎರಡು ತಿಂಗಳು ಜಮಖಾನೆಗಳನ್ನು ಸುತ್ತಿ ಅಟ್ಟಕ್ಕೆ ಹಾಕುವುದು ಅದಕ್ಕಿಂತಲೂ ಉತ್ತಮ.

ನಮ್ಮ ಮನೆಗಳಲ್ಲಿ ಮರಿಗೆ ಹಾಲನ್ನವೇ ಮೃಷ್ಟಾನ್ನವೆಂಬ ನಂಬಿಕೆಯುಂಟು. ತಾಯಿಹಾಲನ್ನು ಬಿಟ್ಟ ಮರಿಗಳಲ್ಲಿ ಅನೇಕಕ್ಕೆ ಹಸುವಿನ ಹಾಲಿನ ಸಕ್ಕರೆಯು ಜೀರ್ಣವಾಗದೆ ಭೇದಿಯಾಗುವುದು. ಭೇದಿಯಾಗುತ್ತಿರುವ ಮರಿಗೆ ಯಾವ ಶಿಕ್ಷಣವೂ ಹತ್ತದು. ಆಹಾರವನ್ನು ಪಶುವೈದ್ಯರಲ್ಲಿ ಕೇಳಿ ಗೊತ್ತುಮಾಡಿಕೊಂಡು, ಒಂದೇ ಬಗೆಯಾಗಿ ಕೊಡಬೇಕು.

ಮಡಿಯುಳ್ಳ ಹಿರಿಯರ ಆಕ್ಷೇಪವನ್ನು ಹಗುರವಾಗಿ ಎಣಿಸಬಾರದು. ಎಪ್ಪತ್ತು ವರ್ಷ ಒಂದು ನಿಯಮದಲ್ಲಿ ಬಾಳಿದ ಅಜ್ಜಿಗೆ ‘ಕಾಲ ಬದಲಾಯಿತು’ ಎನ್ನುವುದು ಉತ್ತರವಲ್ಲ. ಅಡುಗೆಮನೆಗೂ ದೇವರ ಮನೆಗೂ ಮೊಣಕಾಲೆತ್ತರದ ತಡಿಕೆಯನ್ನು ಮೊದಲ ದಿನವೇ ಹಾಕಿಸಬೇಕು. ಮೊದಲ ದಿನದಿಂದ ಕಾಲಿಡದ ಕೋಣೆಯನ್ನು ನಾಯಿಯು ತನ್ನದೆಂದು ಎಣಿಸುವುದಿಲ್ಲ. ಅಜ್ಜಿಯ ಮಡಿಯನ್ನು ಕಾಪಾಡಿದ ಮನೆಯಲ್ಲಿ ಅಜ್ಜಿಯೇ ಕೆಲಕಾಲದ ಮೇಲೆ ‘ಅದಕ್ಕೆ ಹೊತ್ತಾಯಿತು, ಯಾರೂ ನೋಡಲಿಲ್ಲವೇ?’ ಎಂದು ಜಗುಲಿಯಿಂದ ಕೂಗುವುದನ್ನು ನಾವು ಕೇಳಿರುವೆವು.

ಹಿತ್ತಿಲಿಲ್ಲದ ಬಹುಮಹಡಿ ಮನೆಗಳವರು ಮೊಗಸಾಲೆಯ ಮೂಲೆಯಲ್ಲಿ ಹಳೆಯ ಪತ್ರಿಕೆಗಳನ್ನೋ ಹುಲ್ಲುಹೊದಿಸಿದ ತಟ್ಟೆಯನ್ನೋ ಇಡಬಹುದು. ಪತ್ರಿಕೆಯ ಮೇಲೆ ಕಲಿತ ಮರಿಗೆ ಅಂದಿನ ಪತ್ರಿಕೆಗೂ ಹಿಂದಿನ ದಿನದ ಪತ್ರಿಕೆಗೂ ಭೇದ ತಿಳಿಯದಾದ್ದರಿಂದ, ಓದುವವರು ತಮ್ಮದನ್ನು ನೆಲದ ಮೇಲೆ ಬಿಡದಿರಲಿ. ಲಸಿಕೆಗಳ ಸರಣಿಯು ಸುಮಾರು ಹದಿನಾರು ವಾರಗಳಿಗೆ ಮುಗಿಯುವುದು. ಅದುವರೆಗೆ ಇತರ ನಾಯಿಗಳು ತಿರುಗುವ ಬೀದಿಯ ಮಣ್ಣಿಗೆ ಮರಿಯನ್ನು ಇಳಿಸಬಾರದು. ಪಾರ್ವೊ ಎಂಬ ಮಾರಕ ರೋಗದ ವಿಷಾಣುವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುವುದು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನು ತಪ್ಪದೆ ಹಾಕಿಸಬೇಕು.

ಬೀದಿಗೆ ಒಯ್ಯುವ ಕಾಲ ಬಂದಾಗ ಕೈಯಲ್ಲಿ ಕಾಗದದ ಚೀಲವಿರಲಿ. ನಮ್ಮ ನೆಲವು ಶುಚಿಯಾಯಿತೆಂದು ನೆರೆಮನೆಯವಳು ಸಾರಿಸಿ ಇಟ್ಟ ರಂಗೋಲಿಯ ಮೇಲೆ ನಮ್ಮ ನಾಯಿಯನ್ನು ಕೂರಿಸುವುದು ಶೌಚವಲ್ಲ. ಇದು ಸೌಜನ್ಯದ ಮಾತಷ್ಟೇ ಅಲ್ಲ. ಮರಿಗಳ ಹೊಟ್ಟೆಯಲ್ಲಿ ದುಂಡುಹುಳುಗಳು ಸಾಮಾನ್ಯ; ಅವುಗಳ ಮೊಟ್ಟೆಗಳು ಮಲದೊಡನೆ ಮಣ್ಣಿಗೆ ಬಿದ್ದು, ಎರಡು ಮೂರು ವಾರಗಳಲ್ಲಿ ಸೋಂಕುವ ಸ್ಥಿತಿಗೆ ಬರುವುವು. ಆ ಮಣ್ಣಿನಲ್ಲಿ ಆಡಿ ಕೈತೊಳೆಯದ ಮಗುವಿನ ಹೊಟ್ಟೆಗೆ ಹೋದರೆ, ಹುಳುವಿನ ಮರಿಗಳು ಕೆಲವು ವೇಳೆ ಕಣ್ಣನ್ನೂ ಸೇರುವುದುಂಟು. ಮಲವನ್ನು ಅಂದಂದೇ ತೆಗೆದು, ವೈದ್ಯರು ಹೇಳಿದಂತೆ ಹುಳುವಿನ ಔಷಧವನ್ನು ಕೊಟ್ಟರೆ ಈ ಭಯವಿಲ್ಲ.

ಎರಡು ಅಪವಾದಗಳನ್ನು ಹೇಳಿ ಮುಗಿಸುವೆವು. ಮನೆಯವರು ಬಂದೊಡನೆ ನೆಲಕ್ಕೊರಗಿ ಹನಿಯಿಡುವ ಮರಿಯು ಶೌಚವನ್ನು ಮರೆತದ್ದಲ್ಲ. ಅದು ಭಯಭಕ್ತಿಯ ಚಿಹ್ನೆ. ಅದರ ಮೇಲೆ ಬಾಗದೆ, ಶಾಂತವಾಗಿ ಮಾತನಾಡಿಸಿದರೆ ಬೆಳೆದಂತೆ ತಾನೇ ಹೋಗುವುದು. ಚೆನ್ನಾಗಿ ಕಲಿತ ಮರಿಯು ಥಟ್ಟನೆ ತಪ್ಪತೊಡಗಿದರೆ, ಮೇಲಿಂದ ಮೇಲೆ ಸ್ವಲ್ಪ ಸ್ವಲ್ಪವೇ ಮಾಡಿದರೆ, ತಿಣುಕಿದರೆ, ರಕ್ತ ಕಂಡರೆ, ಅದು ಮೂತ್ರಕೋಶದ ರೋಗವಾಗಿರಬಹುದು. ಕೂಡಲೆ ವೈದ್ಯರ ಬಳಿಗೆ ಒಯ್ಯಬೇಕು.

ಇಷ್ಟನ್ನು ಬಿಡದೆ ನಡೆಸಿದರೆ ಕೆಲವು ವಾರಗಳಲ್ಲಿ ತಪ್ಪುಗಳು ವಿರಳವಾಗುವುವು. ನಾಲ್ಕರಿಂದ ಆರು ತಿಂಗಳ ವಯಸ್ಸಿನೊಳಗೆ ಬಹುಪಾಲು ಮರಿಗಳು ನೆಚ್ಚತಕ್ಕವಾಗುವುವು. ಸಣ್ಣ ಜಾತಿಯವಕ್ಕೆ ಇನ್ನೂ ಸ್ವಲ್ಪ ಕಾಲ ಹಿಡಿಯಬಹುದು. ನಡುವೆ ಒಂದೆರಡು ದಿನ ಹಿಂಜರಿದರೆ ಎದೆಗೆಡದೆ, ಹೊರಗೆ ಒಯ್ಯುವ ಹೊತ್ತುಗಳನ್ನು ಮತ್ತೆ ಹತ್ತಿರ ಮಾಡಬೇಕು. ಹತ್ತು ಹನ್ನೆರಡು ವರ್ಷ ಬಾಗಿಲಲ್ಲಿ ಕಾಯುವ ಜೀವಕ್ಕೆ ನಾವು ಮೊದಲು ಕೊಡಬೇಕಾದುದು ಇಂಥ ಕೆಲವು ತಿಂಗಳ ನಿದ್ದೆಗೇಡು. ಅದನ್ನು ಕೊಡಲು ಮನೆಯ ಎಲ್ಲರೂ ಒಪ್ಪಿದ ದಿನವೇ ಮರಿಯನ್ನು ತರಲು ಶುಭದಿನ. ಅದಕ್ಕೆ ಬೇರೆ ಪಂಚಾಂಗವನ್ನು ನೋಡಬೇಕಾಗಿಲ್ಲ.